ಜಾಗ್ವಾರ್‌ನ ಕಿವಿ ಹಿಂಡುವ ಕೆಲಸ

ಮೊದಲ ಏಟು ಹಾಕುವ ಮುಂಚೆ ಬಾಗಿಲನ್ನು ಪೂರ್ತಿ ಮೇಲೆತ್ತಿ, ಕಾರನ್ನು ಹೊರಗೆ ತಳ್ಳಿಕೊಳ್ಳಿ. ಸಾಲಾಗಿ ಕಟ್ಟಿರುವ ಈ ತಗಡು ಬಾಗಿಲಿನ ಗ್ಯಾರೇಜುಗಳಲ್ಲಿ ಕಾರು ನಿಂತ ಮೇಲೆ ಮನುಷ್ಯ ಅಡ್ಡಡ್ಡ ನಡೆಯಬೇಕು. ಸುತ್ತಿಗೆ ಬೀಸುವ ಮಾತು ದೂರ. ಊರು ಕೊವೆಂಟ್ರಿ, ಬಡಾವಣೆ ಆಲ್ಸ್‌ಲೀ. ಅಕ್ಟೋಬರ್‌ನ ಶನಿವಾರ, ಬೆಳಗ್ಗೆ ಒಂಬತ್ತೂವರೆ. ಮಳೆ ನಿಂತಿದೆ, ಆದರೆ ಎಷ್ಟು ಹೊತ್ತು ಅಂತ ಯಾರೂ ಹೇಳಲಾರರು. ಇಲ್ಲಿಂದ ಕೂಗಳತೆಯಲ್ಲೇ ಜಾಗ್ವಾರ್‌ನ ಬ್ರೌನ್ಸ್ ಲೇನ್ ಕಾರ್ಖಾನೆ ಇತ್ತು. 2005ರಲ್ಲಿ ಅಲ್ಲಿ ಕಾರು ಜೋಡಿಸುವುದು ನಿಂತುಹೋಯಿತು. ನಿಮ್ಮ ಎದುರಿಗಿರುವ ಬೂದು ಬಣ್ಣದ ಇ-ಟೈಪ್ ಆ ಕಾರ್ಖಾನೆಯಿಂದ ಹೊರಬಿದ್ದದ್ದು 1963ರಲ್ಲಿ, 3.8 ಲೀಟರ್ ಎಂಜಿನ್ ಹೊತ್ತು.

ಯಜಮಾನ ಮೊಣಕಾಲಿಗೆ ರಬ್ಬರ್ ಚಾಪೆ ಹಾಸಿಕೊಂಡು ಎಡ ಮುಂಚಕ್ರದ ಎದುರು ಕೂತಿದ್ದಾನೆ. ಎಪ್ಪತ್ತು ದಾಟಿದೆ, ಮಾತು ಕಡಿಮೆ. ಬ್ರೇಕ್ ಒತ್ತಲು ಕರೆಸಿಕೊಂಡಿರುವುದು ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಹಾಸನದ ಹುಡುಗನನ್ನು. ಗೇಡನ್‌ನಲ್ಲಿ ಇವತ್ತಿನ ಕಾರುಗಳ ಸಾಫ್ಟ್‌ವೇರ್ ಬರೆಯುತ್ತಾನೆ. "ಈ ಕಾರಿಗೆ ಒಂದು ಲೈನ್ ಕೋಡೂ ಇಲ್ಲ ಸಾರ್, ಆದ್ರೂ ಚಕ್ರ ಬಿಚ್ಚೋಕೆ ಮೂರು ಜನ ಬೇಕು" ಅಂತ ನಿಮ್ಮ ಕಿವಿಯಲ್ಲಿ ಅವನ ತಕರಾರು.

ಚಕ್ರವನ್ನೊಮ್ಮೆ ನೋಡಿ. ಹದಿನೈದು ಇಂಚು, ಎಪ್ಪತ್ತೆರಡು ಕಡ್ಡಿ. ನಾಲ್ಕೋ ಐದೋ ಬೋಲ್ಟ್ ಇರಬೇಕಾದ ಜಾಗದಲ್ಲಿ ನಟ್ಟನಡುವೆ ಒಂದೇ ಒಂದು ಭಾರಿ ಕ್ರೋಮ್ ನಟ್, ಅದಕ್ಕೆ ಎರಡು ಕಿವಿ. ಆ ಕಿವಿಗೆ ಸುತ್ತಿಗೆಯಿಂದ ಹೊಡೆದೇ ಬಿಚ್ಚಬೇಕು, ಹೊಡೆದೇ ಬಿಗಿಯಬೇಕು. ಅದಕ್ಕೇ ಇಂಥ ಚಕ್ರಗಳಿಗೆ ನಾಕ್-ಆಫ್ ಅನ್ನುವುದು. ಸ್ಪ್ಯಾನರ್ ಇಲ್ಲ, ಇಷ್ಟು ಬಿಗಿ ಅಂತ ತೋರಿಸುವ ಮುಳ್ಳೂ ಇಲ್ಲ.

ಸುತ್ತಿಗೆ ಕೈಗೆ ತಗೊಳ್ಳಿ. ತೂಕ ಇದೆ. ತಲೆಯ ಒಂದು ಮುಖ ತಾಮ್ರ, ಇನ್ನೊಂದು ಮುಖ ಬಿಗಿಯಾಗಿ ಸುರುಳಿ ಸುತ್ತಿದ ಹಸಿ ಚರ್ಮ. ತಾಮ್ರದ ಮುಖ ಅಣಬೆಯ ಹಾಗೆ ಅಂಚಿನಲ್ಲಿ ಅರಳಿದೆ. ಎಷ್ಟೋ ವರ್ಷದ ಏಟನ್ನು ಕ್ರೋಮಿನ ಬದಲು ತಾನು ತಿಂದದ್ದರ ಗುರುತು. ಕಬ್ಬಿಣದ ಸುತ್ತಿಗೆ ಹಿಡಿದವರ ಕಾರನ್ನು ಪ್ರದರ್ಶನಗಳಲ್ಲಿ ದೂರದಿಂದಲೇ ಪತ್ತೆ ಹಚ್ಚಬಹುದು. ಕಿವಿಗಳ ತುದಿ ಜಜ್ಜಿಹೋಗಿ, ಕ್ರೋಮ್ ಸಿಪ್ಪೆ ಎದ್ದು, ಒಳಗಿನ ಲೋಹ ಇಣುಕುತ್ತಿರುತ್ತದೆ. ತಾಮ್ರವೂ ಗೀರು ಬಿಡುತ್ತದೆ ಅನ್ನುವ ಅತಿ ಜಾಗ್ರತೆಯವರು ಎರಡೂ ಕಿವಿಯನ್ನು ತಬ್ಬಿಕೊಳ್ಳುವ ಮರದ ಅಚ್ಚು ಕೂರಿಸಿ ಅದಕ್ಕೆ ಹೊಡೆಯುತ್ತಾರೆ. ಯಜಮಾನನ ಬಳಿ ಆ ಅಚ್ಚೂ ಇದೆ. ಮೂಲೆಯಲ್ಲಿ ದೂಳು ಕುಡಿಯುತ್ತಿದೆ.

"ಯಾವ ಕಡೆಗೆ?" ಅಂತ ಅವನು ಕೇಳುತ್ತಾನೆ. ನಿಮ್ಮನ್ನು ಪರೀಕ್ಷಿಸಲಿಕ್ಕೆ.

ನಟ್ಟಿನ ಮೇಲೆಯೇ ಬಾಣದ ಗುರುತಿದೆ, ಬಿಚ್ಚುವ ದಿಕ್ಕನ್ನು ತೋರಿಸುವುದು. ಗುರುತು ಸವೆದಿದ್ದರೂ ಲೆಕ್ಕ ಸುಲಭ: ಕಾರು ಮುಂದೆ ಹೋಗುವಾಗ ಚಕ್ರ ಯಾವ ಕಡೆ ತಿರುಗುತ್ತದೋ ಆ ಕಡೆ ಹೊಡೆದರೆ ಸಡಿಲ, ಅದಕ್ಕೆ ಎದುರಾಗಿ ಹೊಡೆದರೆ ಬಿಗಿ. ನಾಲ್ಕು ಚಕ್ರಕ್ಕೂ ಇದೇ. ಅಂದರೆ ಎಡಗಡೆಯ ನಟ್‌ಗಳಿಗೆ ಸಾಮಾನ್ಯವಾದ ಬಲ ಥ್ರೆಡ್, ಬಲಗಡೆಯವಕ್ಕೆ ತಿರುಗುಮುರುಗಾದ ಎಡ ಥ್ರೆಡ್. ಬಲಗಡೆ ಹೋಗಿ ಅಭ್ಯಾಸಬಲದಿಂದ ಅಪ್ರದಕ್ಷಿಣವಾಗಿ ಹೊಡೆಯುತ್ತ ಕೂತರೆ, ಬಿಚ್ಚುತ್ತಿದ್ದೇನೆ ಅಂದುಕೊಂಡು ನಟ್ಟನ್ನು ಇನ್ನಷ್ಟು ಕಚ್ಚಿಸುತ್ತಿರುತ್ತೀರಿ.

ಚಕ್ರ ಇನ್ನೂ ನೆಲದ ಮೇಲಿದೆ. ಹಾಗೇ ಇರಲಿ. ಮೊದಲ ಸಡಿಲಿಕೆಗೆ ನೆಲದ ಹಿಡಿತ ಬೇಕು, ಗಾಳಿಯಲ್ಲಿದ್ದರೆ ಏಟಿಗೆ ಚಕ್ರವೇ ತಿರುಗುತ್ತದೆ. ಕಿವಿಯ ತುದಿ ನೋಡಿಕೊಂಡು, ಸುತ್ತಿಗೆಯ ತೂಕವೇ ಕೆಲಸ ಮಾಡುವ ಹಾಗೆ ಒಂದು ಏಟು. ಟಣ್! ಏನೂ ಆಗಲಿಲ್ಲ. ಇನ್ನೊಂದು. ಎದುರು ಸಾಲಿನ ಮನೆಯಲ್ಲಿ ಪರದೆ ಸರಿಯುತ್ತದೆ. ಮೂರನೆಯ ಏಟಿಗೆ ಸದ್ದು ಬದಲಾಗುತ್ತದೆ. ಗಂಟೆ ಹೊಡೆದಂತಿದ್ದದ್ದು ಮಂಕಾಗಿ, ದಪ್ಪವಾಗಿ ಕೇಳುತ್ತದೆ. ನಟ್ ಅರ್ಧ ಬೆರಳಷ್ಟು ಸರಿದಿದೆ. ಸಾಕು, ಪೂರ್ತಿ ಬಿಚ್ಚಬೇಡಿ.

ಈಗ ಜಾಕ್. ಕೆಳಗಿನ ವಿಶ್‌ಬೋನ್‌ಗೆ ಮರದ ತುಂಡು ಕೊಟ್ಟು ಎತ್ತುತ್ತಾನೆ. ಈ ಕಾರಿನ ಮೂತಿಯನ್ನು ಹೊತ್ತಿರುವುದು ಚೌಕ ಕೊಳವೆಗಳ ಚೌಕಟ್ಟು. ಅದಕ್ಕೆ ಎಲ್ಲೆಂದರಲ್ಲಿ ಜಾಕ್ ಒತ್ತಿದರೆ ಕೊಳವೆ ಒಳಕ್ಕೆ ಹೋಗುತ್ತದೆ. ಸ್ಟ್ಯಾಂಡ್ ಇಟ್ಟು, ಕಾರನ್ನೊಮ್ಮೆ ಅಲುಗಿಸಿ ನೋಡಿ, ಆಮೇಲೆಯೇ ನಟ್ಟಿಗೆ ಕೈ. ಕೈಯಲ್ಲೇ ಸಲೀಸಾಗಿ ತಿರುಗುತ್ತ ಬರುತ್ತದೆ. ಕೊನೆಯ ಸುತ್ತು ಮುಗಿದಾಗ ಅದರ ಭಾರ ಅಂಗೈಗೆ ಬೀಳುತ್ತದೆ.

ಚಕ್ರ ಮಾತ್ರ ಅಲ್ಲೇ ಕೂತಿದೆ. ಎರಡೂ ಕೈಯಲ್ಲಿ ಟೈರ್ ಹಿಡಿದು, ಮೇಲೊಮ್ಮೆ ಕೆಳಗೊಮ್ಮೆ ಅಲುಗಿಸುತ್ತ ನೇರವಾಗಿ ನಿಮ್ಮ ಕಡೆ ಎಳೆದುಕೊಳ್ಳಿ. ಓರೆ ಎಳೆದರೆ ಹಲ್ಲಿಗೆ ಹಲ್ಲು ಸಿಕ್ಕಿಕೊಳ್ಳುತ್ತದೆ. ಗ್ರೀಸ್ ಬಾಯಿ ಬಿಡುವ ಸಣ್ಣ ಚಪ್ಪರಿಕೆಯೊಂದಿಗೆ ಚಕ್ರ ಕಳಚಿ ಬರುತ್ತದೆ.

ಒಳಗಿರುವುದನ್ನು ಹತ್ತಿರದಿಂದ ನೋಡಬೇಕು. ಹಬ್ ಒಂದು ದಪ್ಪ ಉಕ್ಕಿನ ಮೂತಿ. ಅದರ ಸುತ್ತ ಉದ್ದುದ್ದಕ್ಕೆ ಕೊರೆದ ಹಲ್ಲುಗಳ ಸಾಲು. ಚಕ್ರದ ನಡುವಿನ ಕೊಳವೆಯೊಳಗೂ ಅದಕ್ಕೆ ಜೋಡಿಯಾಗುವ ಹಲ್ಲುಗಳು. ಎಂಜಿನ್ನಿನ ನೂಕು, ಬ್ರೇಕಿನ ತಡೆ, ಎರಡೂ ದಾಟುವುದು ಈ ಹಲ್ಲುಗಳ ಮೂಲಕ. ಆದರೆ ಚಕ್ರವನ್ನು ನಡುಮಧ್ಯಕ್ಕೆ ಹಿಡಿದಿಡುವುದು ಹಲ್ಲುಗಳಲ್ಲ. ಹಬ್ಬಿನ ಹಿಂಭಾಗದಲ್ಲಿ ಒಂದು ಇಳಿಜಾರು ಅಂಚಿದೆ, ಚಕ್ರದ ಹಿಂಬದಿ ಅದರ ಮೇಲೆ ಹೋಗಿ ಕೂರುತ್ತದೆ. ಮುಂದುಗಡೆ ಚಕ್ರದ ಮೂತಿಯೇ ಇಳಿಜಾರು, ಅದನ್ನು ಹೊರಗಿನಿಂದ ಕವಿಯುವಂತೆ ನಟ್ಟಿನ ಒಳಮೈಯನ್ನೂ ಇಳಿಜಾರಾಗಿ ಕಡೆದಿದ್ದಾರೆ. ನಟ್ ಬಿಗಿದಾಗ ಹಿಂದೊಂದು, ಮುಂದೊಂದು ಇಳಿಜಾರಿನ ನಡುವೆ ಚಕ್ರ ಅಲುಗಾಡದೆ ಸಿಕ್ಕಿಕೊಳ್ಳುತ್ತದೆ.

ತಾನೇ ಬಿಗಿಯಾಗುವ ನಟ್ ಅಂತ ಎಲ್ಲರೂ ಹೇಳುವ ಮಾತಿನ ಗುಟ್ಟೂ ಇಲ್ಲೇ ಇದೆ. ನಟ್ಟಿನ ಒಳಸುತ್ತು ಚಕ್ರದ ಮೂತಿಗಿಂತ ಕೂದಲೆಳೆಯಷ್ಟು ದೊಡ್ಡದು. ಬಿಗಿ ಕಳೆದುಕೊಂಡ ನಟ್, ಮಣಿಕಟ್ಟಿನಲ್ಲಿ ಸಡಿಲ ಬಳೆ ಉರುಳುವಂತೆ ಆ ಮೂತಿಯ ಮೇಲೆ ಉರುಳತೊಡಗುತ್ತದೆ. ಸುತ್ತಳತೆ ದೊಡ್ಡದಾದ್ದರಿಂದ ಚಕ್ರ ಪೂರಾ ಒಂದು ಸುತ್ತು ಹಾಕಿದರೂ ನಟ್ ಒಂದು ಚೂರು ಹಿಂದುಳಿಯುತ್ತದೆ. ಸುತ್ತು ಸುತ್ತಿಗೂ ಹೀಗೆ ಹಿಂದುಳಿಯುವುದೆಂದರೆ ಚಕ್ರಕ್ಕೆ ಎದುರು ದಿಕ್ಕಿಗೆ ತಿರುಗಿದ ಹಾಗೆ. ಎದುರು ದಿಕ್ಕೇ ಬಿಗಿಯುವ ದಿಕ್ಕು. ಕಾರು ಓಡುತ್ತ ತನ್ನ ನಟ್ಟನ್ನು ತಾನೇ ತಿರುಗಿಸಿಕೊಳ್ಳುತ್ತದೆ.

ಲೆಕ್ಕ ಸೊಗಸಾಗಿದೆ. ಇಂಥ ಕಾರುಗಳನ್ನು ಕೆಡಿಸಿರುವುದೂ ಈ ಲೆಕ್ಕದ ಮೇಲಿನ ಕುರುಡು ನಂಬಿಕೆಯೇ. ನಟ್ ತಾನಾಗಿ ತಿರುಗಬೇಕಾದರೆ ಮೊದಲು ಅದು ಸಡಿಲವಾಗಿರಬೇಕು. ಸಡಿಲವಾದ ಚಕ್ರ ಪ್ರತಿ ಬ್ರೇಕಿಗೂ ಪ್ರತಿ ಆಕ್ಸಿಲರೇಟರಿಗೂ ಹಲ್ಲುಗಳ ಮೇಲೆ ಮುಂದಕ್ಕೆ ಹಿಂದಕ್ಕೆ ತಿಕ್ಕಾಡುತ್ತದೆ. ನಟ್ ಬಿಗಿಯಾಗುವಷ್ಟರಲ್ಲಿ ಹಲ್ಲು ಸವೆದಿರುತ್ತದೆ. ಅಲ್ಲದೆ ಎಡಗಡೆಯ ಹಬ್ ಎಡಕ್ಕೇ ಇದ್ದರೆ ಮಾತ್ರ ಈ ಉಪಕಾರ. ಕಾರನ್ನು ಪೂರಾ ಬಿಚ್ಚಿ ಜೋಡಿಸುವಾಗ ಯಾರಾದರೂ ಎಡದ್ದನ್ನು ಬಲಕ್ಕೆ ಕೂರಿಸಿದರೋ, ಅದೇ ಲೆಕ್ಕ ಉಲ್ಟಾ ಹೊಡೆದು ಓಡುವ ಕಾರೇ ತನ್ನ ನಟ್ಟನ್ನು ಬಿಚ್ಚಿ ರಸ್ತೆಗೆಸೆಯುತ್ತದೆ. ಹಳೆಯ ಕಾರು ಕೊಳ್ಳುವವರು ಬಣ್ಣ, ಸೀಟಿನ ಚರ್ಮ ನೋಡುವ ಮುಂಚೆ ಎಡಗಡೆಯ ನಟ್ ಅಪ್ರದಕ್ಷಿಣವಾಗಿಯೇ ಬಿಚ್ಚುತ್ತದೆಯೇ ಅಂತ ನೋಡಲಿ.

ಯಜಮಾನ ಸೀಮೆಎಣ್ಣೆಯಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಹಬ್ಬಿನ ಹಲ್ಲುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದಾನೆ. ಬಟ್ಟೆಗೆ ಮೊದಲು ಬರುವುದು ಕಪ್ಪು ಗ್ರೀಸ್. ಅದು ಪರವಾಗಿಲ್ಲ. ಇಟ್ಟಿಗೆಪುಡಿ ಬಣ್ಣದ ಕೆಸರು ಬಂದರೆ ಎದೆ ಧಸಕ್ಕೆನ್ನಬೇಕು. ಉಕ್ಕು ಉಕ್ಕನ್ನು ತಿಂದು ತುಕ್ಕಾದ ಪುಡಿ ಅದು, ಚಕ್ರ ಒಳಗೊಳಗೇ ಆಡುತ್ತಿತ್ತು ಅನ್ನುವುದಕ್ಕೆ ಸಾಕ್ಷಿ. ಇಲ್ಲಿ ಕೆಂಪಿಲ್ಲ. ಅವನು ಟಾರ್ಚನ್ನು ಓರೆಯಾಗಿ ಹಿಡಿದು ಕರೆಯುತ್ತಾನೆ. ಬಗ್ಗಿ. ಹಲ್ಲಿನ ತಲೆ ಚಪ್ಪಟೆಯಾಗಿರಬೇಕು, ನೆರಳು ಬೆಳಕು ಎರಡು ಸಮನಾದ ಪಟ್ಟಿಯಾಗಿ ಬೀಳಬೇಕು. ಸವೆದ ಹಲ್ಲು ಗರಗಸದ ಹಲ್ಲಿನಂತೆ ಚೂಪಾಗಿ ಒಂದು ಕಡೆಗೆ ವಾಲಿರುತ್ತದೆ. ಬೆರಳು ಆಡಿಸಿದರೆ ಉಗುರಿಗೆ ಸಿಗುತ್ತದೆ. ನಿಮ್ಮ ಬೆರಳಿಗೆ ಸಿಗುವುದು ನುಣುಪಾದ ದಿಬ್ಬ, ನುಣುಪಾದ ತಗ್ಗು.

ಹಲ್ಲು ಚೂಪಾಗಿದ್ದರೆ? ಹುಡುಗ ಕೇಳುತ್ತಾನೆ, ಚಕ್ರ ಮಾತ್ರ ಹೊಸದು ಹಾಕಿದರೆ ಸಾಲದೇ ಅಂತ. ಸಾಲದು. ಸವೆದ ಹಬ್ ಹೊಸ ಚಕ್ರವನ್ನೂ ಅದೇ ದಾರಿಗೆ ಎಳೆಯುತ್ತದೆ. ಎರಡನ್ನೂ ಜೊತೆಗೇ ಬದಲಿಸಬೇಕು, ಆಗ ಬಿಲ್ಲು ಎಷ್ಟಾಗುತ್ತದೆ ಅಂತ ಯಜಮಾನ ಬಾಯಿ ಬಿಟ್ಟು ಹೇಳುವುದಿಲ್ಲ, ಹುಬ್ಬು ಹಾರಿಸುತ್ತಾನೆ.

ಕಳಚಿದ ಚಕ್ರವನ್ನು ಗೋಡೆಗೆ ಒರಗಿಸಿ, ಚಿಕ್ಕ ಸ್ಪ್ಯಾನರ್ ತಗೊಂಡು ಕಡ್ಡಿಗಳನ್ನು ಒಂದೊಂದಾಗಿ ಮೀಟಿ. ಟಿಂಗ್, ಟಿಂಗ್, ಟಿಂಗ್. ಕಡ್ಡಿಯ ಉದ್ದ ಬೇರೆಯಾದಂತೆ ಸ್ವರ ಸ್ವಲ್ಪ ಏರಿಳಿಯುತ್ತದೆ, ಅದು ಸಹಜ. ಕೇಳಬೇಕಾದದ್ದು ಟೊಕ್ ಅನ್ನುವ ಸತ್ತ ಸದ್ದಿಗೆ. ಸೈಕಲ್ ಶಾಪಿನಲ್ಲಿ ಚಕ್ರದ ಬೆಂಡ್ ತೆಗೆಯುವುದನ್ನು ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡ್ಡಿಗೆ ನೂಕುವ ತಾಕತ್ತಿಲ್ಲ, ಎಳೆಯುವುದಷ್ಟೇ ಗೊತ್ತು. ಎಪ್ಪತ್ತೆರಡೂ ಎಳೆದು ಹಿಡಿದಿರುವುದರಿಂದಲೇ ಒಂದು ಟನ್ನಿಗೂ ಮಿಕ್ಕ ಕಾರನ್ನು ಇಷ್ಟು ತೆಳ್ಳಗಿನ ತಂತಿಗಳು ಹೊರುವುದು. ಒಂದು ಸಡಿಲಾದರೆ ಅದರ ಪಾಲಿನ ಕೆಲಸ ನೆರೆಯವುಗಳ ತಲೆಗೆ. ಆಮೇಲೆ ಮುರಿಯುವುದು ಆ ನೆರೆಯವು.

ಹಾಗೆ ನೋಡಿದರೆ ಈ ಚಕ್ರ ಸೈಕಲ್ಲಿನ ಮನೆತನದ್ದೇ. ಕಡ್ಡಿಗಳನ್ನು ನಡುವಿನಿಂದ ನೇರ ಹೊರಡಿಸದೆ ಓರೆಯಾಗಿ, ಒಂದನ್ನೊಂದು ದಾಟಿಸಿ ಕಟ್ಟುವ ಕ್ರಮಕ್ಕೆ 1874ರಲ್ಲಿ ಪೇಟೆಂಟ್ ಪಡೆದ ಜೇಮ್ಸ್ ಸ್ಟಾರ್ಲಿ ಇದೇ ಕೊವೆಂಟ್ರಿಯವನು; ಊರ ಮಧ್ಯೆ ಅವನ ಸ್ಮಾರಕವಿದೆ. ಒಂದೇ ನಟ್ಟಿನಲ್ಲಿ ಕೂರುವ, ಕಳಚಬಹುದಾದ ಕಾರಿನ ಚಕ್ರವನ್ನು ರೂಢಿಗೆ ತಂದ ರಡ್ಜ್-ವಿಟ್‌ವರ್ತ್ ಕೂಡ ಇಲ್ಲಿಯದೇ ಸೈಕಲ್ ಕಂಪನಿ. ಅಲ್ಲಿನ ಜಾನ್ ಪ್ಯೂ ಇದರ ಹಿಂದಿದ್ದವನು. ಅದಕ್ಕೂ ಮುಂಚೆ ಟೈರ್ ಪಂಕ್ಚರ್ ಆದರೆ ಚಕ್ರ ಕಾರಿನಲ್ಲೇ ಇರುತ್ತಿತ್ತು, ರಸ್ತೆ ಬದಿಯಲ್ಲಿ ಕೂತು ಟೈರನ್ನು ಕಿತ್ತು ತೇಪೆ ಹಾಕಬೇಕಿತ್ತು. ಸ್ಟೆಪ್ನಿ ತೆಗೆದು ಎರಡು ನಿಮಿಷದಲ್ಲಿ ಹೊರಟುಬಿಡುವುದು ಎಷ್ಟು ದೊಡ್ಡ ಲಾಭವೆಂದರೆ, 1908ರ ಫ್ರೆಂಚ್ ಗ್ರ್ಯಾನ್ ಪ್ರೀಗೆ ಬರಬೇಕಿದ್ದ ನೇಪಿಯರ್ ಕಾರುಗಳನ್ನು ಇದೇ ಚಕ್ರದ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಅನ್ಯಾಯದ ಅನುಕೂಲ ಅಂದರು. ಇವತ್ತಿನ ಫಾರ್ಮುಲಾ ಒನ್ ಕಾರಿನ ಚಕ್ರ ಹಿಡಿದಿರುವುದೂ ನಡುವಿನ ಒಂದೇ ನಟ್.

ಜಾಗ್ವಾರ್ ತನ್ನ ರೇಸ್ ಕಾರುಗಳಲ್ಲಿ ಕಡ್ಡಿಯನ್ನು ಬೇಗ ಕೈಬಿಟ್ಟಿತು. ಲ ಮಾನ್ಸ್‌ನಲ್ಲಿ 1955ರಿಂದ 57ರವರೆಗೆ ಸಾಲಾಗಿ ಗೆದ್ದ ಡಿ-ಟೈಪ್‌ಗೆ ಇದ್ದದ್ದು ಡನ್‌ಲಪ್‌ನ ತೂತು ಕೊರೆದ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರ. ಹಲ್ಲುಗಳ ಬದಲು ಗೂಟಗಳು. ನಡುವಿನ ಕಿವಿ ನಟ್ ಮಾತ್ರ ಹೋಗಲಿಲ್ಲ. ಕಡ್ಡಿ ಚಕ್ರ ಉಳಿದದ್ದು ಇ-ಟೈಪ್‌ನಂಥ ರಸ್ತೆಯ ಕಾರುಗಳಲ್ಲಿ, ಅದೂ ಮುಖ್ಯವಾಗಿ ಚೆಂದಕ್ಕೆ. ಚೆಂದಕ್ಕೆ ಅಂದದ್ದನ್ನು ಯಜಮಾನನ ಎದುರು ಹೇಳಬೇಡಿ.

ಅಮೆರಿಕದಲ್ಲಿ ಈ ಕಿವಿಗಳಿಗೆ ಆಯುಸ್ಸು ಮುಗಿದದ್ದು 1968ರ ಜನವರಿಯಲ್ಲಿ. ಪಾದಚಾರಿಗಳಿಗೆ ತಗಲುತ್ತದೆ ಅಂತ ಚಾಚಿಕೊಂಡಿರುವ ನಟ್‌ಗಳನ್ನು ಅಲ್ಲಿನ ಸುರಕ್ಷಾ ನಿಯಮ ನಿಷೇಧಿಸಿತು. 1996ರಲ್ಲಿ ಆ ನಿಯಮವನ್ನೇ ತೆಗೆದರು. ಅಷ್ಟರಲ್ಲಿ ಜಾಗ್ವಾರ್, ಎಂಜಿ ಎಲ್ಲವೂ ಕಿವಿಯಿಲ್ಲದ ನಟ್‌ಗೆ ಬದಲಾಗಿದ್ದವು. ಷೆವ್ರೊಲೆ ಕಂಪನಿ ಕಾರ್ವೆಟ್‌ನ ನಾಕ್-ಆಫ್ ಚಕ್ರವನ್ನೇ ಬಿಟ್ಟು 1967ರ ಮಾದರಿಗೆ ಬೋಲ್ಟ್ ಚಕ್ರ ಕೊಟ್ಟಿತ್ತು. ಜನ ತುಂಬಿದ ಬೀದಿಯಲ್ಲಿ ಆ ನಿಯಮ ತಪ್ಪೇನಲ್ಲ, ಮೊಣಕಾಲಿಗೆ ಬಡಿದರೆ ಗೊತ್ತಾಗುತ್ತದೆ. ಆದರೆ ಕಿವಿಗೆ ಇನ್ನೊಂದು ಉಪಯೋಗವಿದೆ, ಕಾನೂನು ಬರೆದವರಿಗೆ ಅದು ಕಾಣಿಸುವ ಹಾಗಿರಲಿಲ್ಲ. ಕಾರು ನಿಲ್ಲಿಸುವಾಗ ಎರಡು ಕಿವಿ ಯಾವ ಕಡ್ಡಿಗಳ ನೇರಕ್ಕಿವೆ ಅಂತ ಗುರುತಿಟ್ಟುಕೊಂಡರೆ ಆಯಿತು. ಮುಂದಿನ ಸಲ ಆ ನೇರ ತಪ್ಪಿದ್ದರೆ ನಟ್ ಸರಿದಿದೆ ಎಂದೇ ಅರ್ಥ. ಬರಿಗಣ್ಣಿಗೆ ಸಿಗುವ ಇಂಥ ಎಚ್ಚರಿಕೆ ದುಂಡು ನಟ್ ಕೊಡುವುದಿಲ್ಲ.

ಗ್ರೀಸ್ ಡಬ್ಬಿ ತೆರೆಯಿರಿ. ಹಲ್ಲುಗಳಿಗೆ, ಹಿಂದಿನ ಮುಂದಿನ ಎರಡೂ ಇಳಿಜಾರುಗಳಿಗೆ, ಥ್ರೆಡ್ಡಿಗೆ ತೆಳ್ಳಗೆ ಸವರಿ. ತೆಳ್ಳಗೆ! ಹೆಚ್ಚಾದದ್ದು ಓಡುವಾಗ ಸಿಡಿದು ಕಡ್ಡಿಗಳ ಮೇಲೆ ಕರಿ ಗೆರೆ ಎಳೆಯುತ್ತದೆ, ಭಾನುವಾರವೆಲ್ಲ ಅದನ್ನು ಒರೆಸುವ ಶಿಕ್ಷೆ. ಗ್ರೀಸ್ ಇಲ್ಲದೆ ಒಣಗಿಸಿದರೋ, ಮುಂದಿನ ಸಲ ಚಕ್ರ ಬರುವುದಿಲ್ಲ. ಅಂಟಿಕೊಂಡ ಚಕ್ರಕ್ಕೆ ಹಿಂದಿನಿಂದ ಬಡಿದು ಕಡ್ಡಿ ಮುರಿದುಕೊಂಡವರಿದ್ದಾರೆ.

ಚಕ್ರವನ್ನು ಎತ್ತಿ, ಹಲ್ಲಿಗೆ ಹಲ್ಲು ಹೊಂದುವವರೆಗೆ ಸ್ವಲ್ಪ ತಿರುಗಿಸಿ, ಒಳಕ್ಕೆ ನೂಕಿ. ನಟ್ಟನ್ನು ಬೆರಳಲ್ಲೇ ಹತ್ತಿಸಿ, ಬಲವಂತ ಬೇಡ. ಎಂಜಿ ಕಾರುಗಳಲ್ಲಿ ಇಂಚಿಗೆ 12 ಸುತ್ತಿನ ಥ್ರೆಡ್ಡೂ ಇದೆ, 8ರದ್ದೂ ಇದೆ. ಒಂದರ ನಟ್ಟನ್ನು ಇನ್ನೊಂದಕ್ಕೆ ಹೊಡೆದು ಕೂರಿಸಲು ಹೋದರೆ ಹಬ್ಬೇ ಹೋಯಿತು.

"ಬ್ರೇಕ್!" ಅಂತ ಯಜಮಾನ ಕೂಗುತ್ತಾನೆ. ಹುಡುಗ ಆ ತಗ್ಗು ಸೀಟಿನಲ್ಲಿ ಹೇಗೋ ತೂರಿ ಕೂತು ಪೆಡಲ್ ಅದುಮುತ್ತಾನೆ. ಬಿಗಿಯುವುದು ಚಕ್ರ ಗಾಳಿಯಲ್ಲಿರುವಾಗಲೇ. ನೆಲಕ್ಕಿಳಿಸಿ ಹೊಡೆದರೆ ಕಾರಿನ ಭಾರ ಹಬ್ಬನ್ನು ಕೆಳಕ್ಕೆ ಒತ್ತಿ, ಚಕ್ರ ಇಳಿಜಾರಿನ ಮೇಲೆ ಸರಿಯಾಗಿ ನಡುಮಧ್ಯಕ್ಕೆ ಕೂರುವುದಿಲ್ಲ. ಬಿಗಿಯಾಯಿತು ಅನ್ನಿಸುತ್ತದೆ, ಒಂದೆರಡು ಮೈಲಿಗೆ ಸಡಿಲ. ಟಣ್, ಕಿವಿ ಸರಿಯುತ್ತದೆ. ಟಣ್, ಇನ್ನಷ್ಟು ಕಡಿಮೆ. ಟಣ್, ಕದಲಲಿಲ್ಲ. ಇನ್ನೊಂದು ಏಟು, ಖಾತ್ರಿಗೆ. ಅಲ್ಲಿಗೆ ಮುಗಿಯಿತು. ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ಅವನ ಅಳತೆ ಇಷ್ಟೇ: ಏಟಿಗೆ ಅಲುಗದಿರಬೇಕು.

ಹಿಂಚಕ್ರಗಳ ಪರೀಕ್ಷೆ ಸ್ವಲ್ಪ ಕಸರತ್ತಿನದು. ಈ ಕಾರಿನ ಹಿಂದಿನ ಡಿಸ್ಕ್‌ಗಳಿರುವುದು ಚಕ್ರದ ಬಳಿ ಅಲ್ಲ, ನಡುವೆ, ಡಿಫರೆನ್ಷಿಯಲ್‌ಗೆ ಅಂಟಿಕೊಂಡಂತೆ. ಬ್ರೇಕಿಗೂ ಚಕ್ರಕ್ಕೂ ಮಧ್ಯೆ ಹಾಫ್ ಶಾಫ್ಟ್, ಅದರ ಎರಡು ತುದಿಗೆ ಎರಡು ಯೂನಿವರ್ಸಲ್ ಜಾಯಿಂಟ್. ಅದೇ ಶಾಫ್ಟು ಸಸ್ಪೆನ್ಷನ್ನಿನ ಮೇಲಿನ ತೋಳೂ ಹೌದು. ಹಾಗಾಗಿ ಬ್ರೇಕ್ ಹಿಡಿದು ಚಕ್ರವನ್ನು ಮುಂದಕ್ಕೆ ಹಿಂದಕ್ಕೆ ಕದಲಿಸಿದಾಗ ಕೇಳುವ ಟಿಕ್ ಹಲ್ಲಿನದೋ ಜಾಯಿಂಟಿನದೋ ಹೇಳುವುದು ಕಷ್ಟ. ಯಜಮಾನ ನಿಮ್ಮ ಕೈ ಹಿಡಿದು ಕಾರಿನ ಕೆಳಗೆ ಎಳೆದು, ಹೊರಗಿನ ಜಾಯಿಂಟಿನ ಕವಲಿನ ಮೇಲೆ ಅಂಗೈ ಇಡಿಸುತ್ತಾನೆ. ತಣ್ಣಗಿದೆ, ಜಿಡ್ಡು. ಅವನು ಚಕ್ರ ಕದಲಿಸುತ್ತಾನೆ. ಚಕ್ರ ಕದಲಿ, ನಿಮ್ಮ ಅಂಗೈಯಡಿಯ ಕವಲು ಸುಮ್ಮನಿದ್ದರೆ ಹಲ್ಲು ಸವೆದಿದೆ. ಕವಲೂ ಜೊತೆಗೇ ಅಲುಗಿದರೆ ತಪ್ಪು ಅದರಾಚೆಗಿನ ಜಾಯಿಂಟಿನದು. ಎಡಗಡೆ ಸದ್ದಿಲ್ಲ. ಬಲಗಡೆ ಟಿಕ್ ಅನ್ನುತ್ತದೆ, ಕವಲು ಅಂಗೈಗೆ ಸಣ್ಣಗೆ ಗುದ್ದುತ್ತದೆ. "ಜಾಯಿಂಟ್" ಅಂತ ನೀವು ಕೂಗುತ್ತೀರಿ. ಕಾರಿನ ಆಚೆಯಿಂದ ಬರುವ ಇಂಗ್ಲಿಷ್ ಬೈಗುಳವನ್ನು ಹುಡುಗ ಕನ್ನಡಕ್ಕೆ ತರಲು ಒಪ್ಪುವುದಿಲ್ಲ.

ಟೈರ್ ಅಂಗಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಕಡ್ಡಿ ಕೂರುವ ತೂತುಗಳಿಂದ ಗಾಳಿ ಸೋರುವುದರಿಂದ ಇಂಥ ಚಕ್ರಕ್ಕೆ ಟ್ಯೂಬ್ ಬೇಕು, ಕಡ್ಡಿಯ ತುದಿ ಟ್ಯೂಬನ್ನು ಚುಚ್ಚದಂತೆ ರಿಮ್ಮಿನೊಳಗೆ ಪಟ್ಟಿ ಬೇಕು. ಇವತ್ತಿನ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಈ ಚಕ್ರ ಪರದೇಶಿ. ಚಕ್ರದ ಎರಡು ಇಳಿಜಾರುಗಳನ್ನೇ ಆಧಾರ ಮಾಡಿ ಹಿಡಿಯುವ ಅಡಾಪ್ಟರ್ ಇಲ್ಲದ ಕಡೆ ಹುಡುಗರು ಕೈಗೆ ಸಿಕ್ಕ ಕೋನನ್ನು ಹಲ್ಲಿನ ತುದಿಗೆ ಒತ್ತಿ ಕೂರಿಸುತ್ತಾರೆ. ಯಂತ್ರ ಸೊನ್ನೆ ತೋರಿಸುತ್ತದೆ, ಅರವತ್ತು ಮೈಲಿ ವೇಗಕ್ಕೆ ಸ್ಟೀರಿಂಗ್ ನಡುಗುತ್ತದೆ. ಬಾಯಿಮಾತಿನ ಭರವಸೆ ನಂಬದೆ ಅಡಾಪ್ಟರ್ ತೋರಿಸಿ ಅಂತ ಕೇಳಿ.

ನಾಲ್ಕೂ ಮುಗಿದಾಗ ಹನ್ನೆರಡೂಕಾಲು. ಕಾರು ನೆಲಕ್ಕಿಳಿದಿದೆ. ಯಜಮಾನ ನಿಮ್ಮನ್ನು ಪಕ್ಕದ ಸೀಟಿಗೆ ಹತ್ತಿಸಿಕೊಳ್ಳುತ್ತಾನೆ, ಸುತ್ತಿಗೆ ನಿಮ್ಮ ಕಾಲ ಬಳಿ. ಉದ್ದ ಮೂತಿಯ ಆಚೆ ರಸ್ತೆ ಕಾಣುವುದೇ ಕಷ್ಟ. ಕೆನಿಲ್‌ವರ್ತ್ ಕಡೆ ಒಂದಷ್ಟು ಮೈಲಿ, ಎರಡು ಸಲ ಬೇಕೆಂದೇ ಗಟ್ಟಿ ಬ್ರೇಕ್. ಒದ್ದೆ ಎಲೆ ಬಿದ್ದ ಬದಿಯ ತಂಗುದಾಣದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕಾರಿನ ಸುತ್ತ ನಡೆಯುತ್ತಾನೆ. ಮತ್ತೆ ಜಾಕ್ ಇಲ್ಲ, ಇದು ಪರಿಶೀಲನೆ ಮಾತ್ರ. ಎಡ ಮುಂದಿನದಕ್ಕೆ ಒಂದು ಏಟು, ಕದಲಲಿಲ್ಲ. ಎಡ ಹಿಂದಿನದು, ಇಲ್ಲ. ಬಲ ಹಿಂದಿನದು, ಇಲ್ಲ. ಬಲ ಮುಂದಿನದರ ಕಿವಿ ಒಂದು ಕಡ್ಡಿಯಷ್ಟು ಅಗಲ ಸರಿಯುತ್ತದೆ. ಎರಡನೆಯ ಏಟಿಗೆ ನಿಲ್ಲುತ್ತದೆ. ಅವನು ಗೊಣಗುತ್ತ ಸುತ್ತಿಗೆಯನ್ನು ನಿಮ್ಮ ಕೈಗೇ ಕೊಡುತ್ತಾನೆ: ಮನೆ ಮುಟ್ಟಿದ ಮೇಲೆ ಇದೊಂದನ್ನು ಮತ್ತೆ ಎತ್ತಿ ನೋಡಬೇಕು, ಊಟ ಆಮೇಲೆ.